ಎರಡಡಿ ಯಶವಂತ್

ಅಮೆರಿಕದ ನಮ್ಮ ಕ್ಯಾರಿ ಊರಿನ ಕನ್ನಡ ಬಳಗದಲ್ಲಿ ಮೂವರು ಯಶವಂತರಿದ್ದರು. ಒಬ್ಬ ಹಲ್ಲಿನ ಡಾಕ್ಟರು. ಇನ್ನೊಬ್ಬ, ಬೇಡ ಬೇಡ ಎಂದರೂ ಪ್ರತಿ ರಾಜ್ಯೋತ್ಸವಕ್ಕೆ ಹಾಡಿಯೇ ತೀರುವವನು. ಮೂರನೆಯವನು ನಮ್ಮ ಪಕ್ಕದ ಮನೆಯವನು, ಎರಡಡಿ ಯಶವಂತ್. ಹೆಸರು ಕೇಳಿ ಬಂದ ಹೊಸಬರು ಆಸಾಮಿಯನ್ನು ನೋಡಿ ಕಕ್ಕಾಬಿಕ್ಕಿಯಾಗುತ್ತಿದ್ದರು, ಯಾಕೆಂದರೆ ಅವನು ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಆ ಎರಡಡಿ ಅವನ ಅಳತೆಯಲ್ಲ, ಅವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾನೂನಿನ ಅಳತೆ. ನಮ್ಮ ರಾಜ್ಯ ನಾರ್ತ್ ಕೆರೊಲಿನಾದಲ್ಲಿ ಕಾರಿನವರು ಸೈಕಲ್ಲನ್ನು ದಾಟಿ ಹೋಗುವಾಗ ನಡುವೆ ಕಡೇಪಕ್ಷ ಎರಡಡಿ ಜಾಗ ಬಿಡಬೇಕು. ಇದು ಅವನು ಹೇಳುವ ತನಕ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದ ಮೇಲೆಯೂ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ನಾನೂ ಅವನೂ ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ಹುಡುಗರೆಲ್ಲ ಬೈಕ್ ಕೊಡಿಸಿ ಎಂದು ಅಪ್ಪಂದಿರ ತಲೆ ತಿನ್ನುತ್ತಿದ್ದ ಕಾಲದಲ್ಲಿ ಇವನು ಕುವೆಂಪುನಗರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಬಡತನವೇನೂ ಇರಲಿಲ್ಲ, ಮನೆಯಲ್ಲಿ ಸ್ಕೂಟರ್ ಇತ್ತು. ಕೇಳಿದರೆ, 'ಸ್ಕೂಟರಲ್ಲಿ ಹೋದ್ರೆ ದಾರೀಲಿ ಯಾರೂ ಸಿಗಲ್ಲ ಕಣೇ ವಿಜಿ' ಎನ್ನುತ್ತಿದ್ದ. ಆಮೇಲೆ ವರ್ಜೀನಿಯಾದ ರೆಸ್ಟನ್ನಿನಲ್ಲಿ ಕೆಲಸ ಮಾಡಿದ. ಅಲ್ಲಿ ಹಳೇ ರೈಲು ಹಾದಿಯನ್ನು ಕಿತ್ತು ಸೈಕಲ್ ಹಾದಿ ಮಾಡಿದ್ದಾರೆ, ಅದರ ಮೇಲೆ ಅವನಿಗೆ ತನಗಿಂತ ಹೆಚ್ಚು ಪ್ರೀತಿ ಎಂದು ಹೆಂಡತಿ ಶೈಲಜಾ ಹಂಗಿಸುತ್ತಿದ್ದಳು. ಶೈಲಜಾಳಿಗೆ ಕ್ಯಾರಿಗೆ ಹತ್ತಿರದ ಡರ್ಹಮ್ಮಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು, ಇವನೂ ಈ ಕಡೆಯೇ ಕೆಲಸ ಹುಡುಕಿಕೊಂಡ. ಹೀಗೆ ಕಾಲೇಜಿನ ಗೆಳೆಯ ಪಕ್ಕದ ಮನೆಗೇ ಬಂದ.

ಕ್ಯಾರಿಯಲ್ಲಿ ಹಾಲು ತರುವುದಕ್ಕೂ ಕಾರು ಬೇಕು. ಇವನು ಮಾತ್ರ ಆಫೀಸಿಗೆ ಸೈಕಲ್ಲಿನಲ್ಲೇ ಹೊರಟ. ಮೊದಲು ಬಳಗದವರು, 'ಪಾಪ, ಎರಡನೇ ಕಾರು ತಗೊಳಕ್ಕಾಗಿಲ್ವೇನೋ' ಎಂದು ಮರುಗಿದರು. ಗ್ಯಾರೇಜಿನಲ್ಲಿ ಎರಡು ಕಾರು ನೋಡಿದ ಮೇಲೆ ಮರುಕ ಹೋಯಿತು, ನಗು ಬಂತು. ಅವನೂ ಜೊತೆಗೆ ನಗುತ್ತಿದ್ದ. ನನಗೇ ರೇಗುತ್ತಿತ್ತು.

ಅವನ ಒಳ್ಳೆಯ ಕಾಲ ಎಂದರೆ 2020. ಕೊರೋನಾದಲ್ಲಿ ಮನೆಯೊಳಗೆ ಕೂತು ಕೂತು ಹುಚ್ಚು ಹಿಡಿದ ಜನ ಸೈಕಲ್ಲಿಗೆ ಮುಗಿಬಿದ್ದರು. ಭಾನುವಾರ ಬೆಳಿಗ್ಗೆ, ಕಾರುಗಳಿಲ್ಲದ ಗ್ರೀನ್‌ವೇ ಹಾದಿಯ ಮೇಲೆ ಯಶವಂತ್ ಮುಂದೆ, ಅವನ ಹಿಂದೆ ಮಕ್ಕಳು, ಅವರ ಹಿಂದೆ ಹೊಟ್ಟೆ ಬಂದ ನಮ್ಮ ಗಂಡಂದಿರು. ಅವನ ಮಗಳು ನಿಧಿ ಆಗ ಚಿಕ್ಕವಳು, ಅಪ್ಪನ ಪಕ್ಕದಲ್ಲೇ ತುಳಿಯುತ್ತಿದ್ದಳು. ಯಾರ ಚೈನ್ ಬಿದ್ದರೂ ಇವನೇ ಹಾಕಬೇಕು. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಆಫೀಸುಗಳು ತೆರೆದವು, ಸೈಕಲ್ಲುಗಳು ಗ್ಯಾರೇಜಿನ ಗೋಡೆ ಏರಿದವು, ರಸ್ತೆಯಲ್ಲಿ ಅವನೊಬ್ಬನೇ ಉಳಿದ.

ಮಾರನೇ ವರ್ಷ ಒಂದು ಪಿಕಪ್ ಟ್ರಕ್ಕಿನ ಕನ್ನಡಿ ಅವನ ಮೊಣಕೈಗೆ ಬಡಿದುಕೊಂಡು ಹೋಯಿತು. ಟ್ರಕ್ಕಿನವನು ನಿಲ್ಲಿಸಲಿಲ್ಲ. ಕೈ ಊದಿಕೊಂಡು ಕೆಲವು ದಿನ ಮನೆಯಲ್ಲಿ ಕೂತಿದ್ದಾಗ ಇವನು ಕಾನೂನು ಓದಲು ಶುರುಮಾಡಿದ. ವರ್ಜೀನಿಯಾದಲ್ಲಿ ಮೂರಡಿ ಬಿಡಬೇಕು, ಅಷ್ಟು ಜಾಗವಿಲ್ಲದಿದ್ದರೆ ಪಕ್ಕದ ಲೇನಿಗೇ ಹೋಗಬೇಕು. ಜಾರ್ಜಿಯಾದಲ್ಲೂ ಹೆಚ್ಚುಕಡಿಮೆ ಹಾಗೇ ಮಾಡಿದ್ದಾರೆ. ಸೌತ್ ಕೆರೊಲಿನಾದಲ್ಲಿ ಅಳತೆಯೇ ಇಲ್ಲ, 'ಸುರಕ್ಷಿತ ದೂರ' ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದಾರೆ. ನಮ್ಮಲ್ಲಿ ಎರಡಡಿ. 'ಎರಡಡಿ ಏನಕ್ಕೆ ಸಾಕಾಗತ್ತೆ ವಿಜಿ? ಗಾಳಿಗೆ ಸ್ವಲ್ಪ ವಾಲಿದ್ರೂ ಮುಗೀತು. ನಾಲ್ಕಾದ್ರೂ ಬೇಕು' ಎನ್ನುತ್ತಿದ್ದ. ಈಜುಕೊಳದಲ್ಲಿ ಮಕ್ಕಳು ಹಿಡಿದು ತೇಲುತ್ತಾರಲ್ಲ, ಆ ಹಳದಿ ಸ್ಪಂಜಿನ ಕೊಳವೆಯನ್ನು ಕೊಯ್ದು ಸೈಕಲ್ಲಿನ ಹಿಂದೆ ಎಡಗಡೆಗೆ ಚಾಚಿಕೊಂಡಿರುವಂತೆ ಕಟ್ಟಿದ. ಅದರ ಆಚೆ ಕಾರು ಹೋಗಬೇಕು ಎಂದು ಲೆಕ್ಕ. ಯುಗಾದಿ ಊಟದ ಸಾಲಿನಲ್ಲಿ ಜನ ಅವನನ್ನು ಕಂಡರೆ, 'ಜಾಗ ಬಿಡ್ರಪ್ಪಾ, ಎರಡಡಿ ಬಂದ್ರು' ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಅವನು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ, 'ನಗ್ರಿ, ಆದ್ರೆ ರೋಡಲ್ಲೂ ಹೀಗೇ ಸರೀರಿ' ಎನ್ನುತ್ತಿದ್ದ.

ಹಾಗೆ ನಕ್ಕು ಸರಿಯುತ್ತಿದ್ದವರಲ್ಲಿ ಮೊದಲಿಗರು ಕೇಶವಮೂರ್ತಿ ಅಂಕಲ್. ಅವರ ಬಗ್ಗೆ ಕೆಟ್ಟದ್ದು ಬರೆಯಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ, ಬರೆಯಲು ಏನೂ ಸಿಗುವುದಿಲ್ಲ. ಮೈಸೂರಿನಲ್ಲಿ ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಇಲ್ಲಿ ಮಗಳು ಇಂದುವಿನ ಮನೆಯಲ್ಲಿದ್ದಾರೆ. ಎಪ್ಪತ್ತು ದಾಟಿದ್ದರೂ ದೊಡ್ಡ ವ್ಯಾನ್ ಓಡಿಸುತ್ತಾರೆ. ಏರ್‌ಪೋರ್ಟಿಗೆ ಯಾರನ್ನಾದರೂ ಬಿಡಬೇಕೆ, ಹೊಸದಾಗಿ ಬಂದ ಬಾಣಂತಿಯ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕೆ, ಅಂಕಲ್‌ಗೆ ಒಂದು ಫೋನ್ ಮಾಡಿದರೆ ಸಾಕು. ಬಳಗದ ಅರ್ಧ ಜನ ಈ ದೇಶದಲ್ಲಿ ಮೊದಲು ಹತ್ತಿದ್ದು ಅವರ ವ್ಯಾನೇ.

ಅವರಿಗೆ ಒಂದೇ ಒಂದು ಅಭ್ಯಾಸ. ಗುರುತಿನವರು ಕಂಡರೆ ಮಾತಾಡಿಸದೆ ಮುಂದೆ ಹೋಗಲಾರರು. ಇದು ಅವರೊಬ್ಬರದಲ್ಲ, ನಮ್ಮ ಊರಿನದೇ ಅಭ್ಯಾಸ. ಮೈಸೂರಿನಲ್ಲಿ ಎರಡು ಸ್ಕೂಟರ್ ಒಂದರ ಪಕ್ಕ ಒಂದು ನಿಧಾನವಾಗಿ ಹೋಗುತ್ತಿದ್ದರೆ ಯಾರೋ ಮಗಳ ಮದುವೆ ವಿಷಯ ಮಾತಾಡುತ್ತಿದ್ದಾರೆ ಎಂದೇ ಅರ್ಥ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಇವರು ಮುಂದಿನ ಸರ್ಕಲ್‌ವರೆಗೂ ಮಾತು ಮುಗಿಸಿಕೊಂಡೇ ಬೇರೆಯಾಗುತ್ತಾರೆ. ಕಂಡೂ ಕಾಣದಂತೆ ಹೋದರೆ, 'ಏನು ಕೊಬ್ಬು ನೋಡ್ರೀ' ಎನ್ನುತ್ತಾರೆ. ಮಾತಾಡಿಸಿದವರ ಕಡೆ ಮುಖ ತಿರುಗಿಸದೆ ಉತ್ತರ ಕೊಟ್ಟರೆ ಅದು ಇನ್ನೂ ದೊಡ್ಡ ಕೊಬ್ಬು. ನಮ್ಮನ್ನೆಲ್ಲ ಬೆಳೆಸಿದ್ದೇ ಹಾಗೆ.

2022ರ ಅಕ್ಟೋಬರ್. ದೀಪಾವಳಿ ಕಾರ್ಯಕ್ರಮದ ಬೆಳಿಗ್ಗೆ ಅಂಕಲ್ ವ್ಯಾನಿನಲ್ಲಿ ಕುರ್ಚಿ ತುಂಬಿಕೊಂಡು ಹಾಲ್‌ಗೆ ಹೊರಟಿದ್ದರು. ಯಶವಂತ್ ರಂಗೋಲಿ ಪುಡಿಯ ಡಬ್ಬ ಚೀಲದಲ್ಲಿ ಹಾಕಿಕೊಂಡು ಅದೇ ಹಾಲ್‌ಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಅಂಕಲ್ ದೂರದಿಂದಲೇ ಹಳದಿ ಕೊಳವೆ ನೋಡಿ ಗುರುತು ಹಿಡಿದರು. ಖುಷಿಯಿಂದ ಹಾರ್ನ್ ಹೊಡೆದರು, ನಿಧಾನ ಮಾಡಿದರು, ಪಕ್ಕಕ್ಕೆ ಬಂದರು. ಈ ದೇಶದಲ್ಲಿ ಓಡಿಸುವವರ ಸೀಟು ಎಡಗಡೆ, ಸೈಕಲ್ಲಿನವನು ಬಲಗಡೆ ಅಂಚಿನಲ್ಲಿ. ಬಲಗಡೆಯ ಗಾಜು ಇಳಿಸಿ, ಆ ಕಡೆಗೆ ಬಾಗಿ ಮಾತಾಡಿಸಿದರು. ಬಾಗಿದಾಗ ವ್ಯಾನೂ ಅವರ ಜೊತೆ ಬಾಗಿತು. ಕೊಳವೆ ಸ್ಪಂಜಿನದು, ಮಡಚಿಕೊಂಡಿತು.

'ಏನಪ್ಪಾ ಯಶವಂತ, ತಿಂಡಿ ಆಯ್ತಾ?' ಎಂದರು.

ಯಶವಂತ್ ಮುಖ ತಿರುಗಿಸಿ, 'ಆಯ್ತು ಅಂಕಲ್, ನಿಮ್ದು?' ಎಂದ. ತಿರುಗಿದಾಗ ಕೈಯ ಬಳಿಯೇ ವ್ಯಾನಿನ ಬಾಗಿಲು ಕಂಡಿತಂತೆ. ಬೆಚ್ಚಿ ಬಲಕ್ಕೆ ಎಳೆದುಕೊಂಡ. ಮುಂದಿನ ಚಕ್ರ ರಸ್ತೆಯ ಅಂಚಿನ ಕಟ್ಟೆಗೆ ಬಡಿಯಿತು, ಅವನು ಮೇಲಿಂದ ಹಾರಿ ಬೆನ್ನು ಅಡಿಯಾಗಿ ಕಾಂಕ್ರೀಟಿನ ಮೇಲೆ ಬಿದ್ದ. ವ್ಯಾನ್ ಅವನನ್ನು ಮುಟ್ಟಲೂ ಇಲ್ಲ. ಅಂಕಲ್ ಇಳಿದು ಬಂದು ರಸ್ತೆಯಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಂಬುಲೆನ್ಸ್ ಬರುವ ತನಕ ಅವನ ಹಣೆ ಸವರುತ್ತಿದ್ದರು. ಸೊಂಟದಿಂದ ಕೆಳಗೆ ಏನೂ ಇಲ್ಲ ಎಂದು ಯಶವಂತನಿಗೆ ಆಗಲೇ ಗೊತ್ತಾಗಿತ್ತಂತೆ. ಅಂಕಲ್ ಗಾಬರಿಯಾಗುತ್ತಾರೆಂದು ಹೇಳಲಿಲ್ಲವಂತೆ.

ಪೊಲೀಸರು ಬಂದು ಕೇಳಿದಾಗ ಅಂಕಲ್ ಒಂದು ಸುಳ್ಳೂ ಹೇಳಲಿಲ್ಲ. ನಾನು ಮಾತಾಡಿಸಿದೆ, ಅವನು ನನ್ನ ಕಡೆ ತಿರುಗಿದ, ಬಿದ್ದ ಎಂದರು. ಆಸ್ಪತ್ರೆಯಲ್ಲಿ ಯಶವಂತನನ್ನು ಕೇಳಿದಾಗ ಅವನೂ ಸುಳ್ಳು ಹೇಳಲಿಲ್ಲ. ಅವರು ಮಾತಾಡಿಸಿದರು, ನಾನು ತಿರುಗಿದೆ ಎಂದ. ಸೈಕಲ್ ಸವಾರ ತಿರುಗಿ ಹತೋಟಿ ತಪ್ಪಿದ, ವಾಹನ ತಗುಲಿಲ್ಲ ಎಂದು ರಿಪೋರ್ಟ್ ಆಯಿತು. ಎಷ್ಟು ಹತ್ತಿರ ಬಂದಿದ್ದರು ಎಂದು ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಶೈಲಜಾ ಒಬ್ಬ ವಕೀಲನ ಹತ್ತಿರ ಹೋದಳು, ಜೊತೆಗೆ ನಾನೂ ಹೋಗಿದ್ದೆ. ಅವನು ಮರ್ಯಾದೆಯಿಂದಲೇ ಮಾತಾಡಿದ. ಈ ರಾಜ್ಯದಲ್ಲಿ ಪೆಟ್ಟು ತಿಂದವನ ತಪ್ಪು ಸಾಸಿವೆಯಷ್ಟಿದ್ದರೂ ಕೇಸು ನಿಲ್ಲುವುದಿಲ್ಲವಂತೆ. 'ನಿಮ್ಮ ಗಂಡ ತಿರುಗಿದ್ದು ನಿಜವೇ?' ಎಂದು ಕೇಳಿದ. ಶೈಲಜಾ ಹೌದು ಎಂದಳು. ಅವನು ಎದ್ದು ಬಾಗಿಲ ತನಕ ಬಂದು ನಮ್ಮನ್ನು ಕಳಿಸಿಕೊಟ್ಟ.

ಮನೆಯ ಮುಂದಿನ ಮೆಟ್ಟಿಲ ಮೇಲೆ ಗಾಲಿಕುರ್ಚಿಗೆಂದು ಮರದ ಹಲಗೆಯ ಇಳಿಜಾರು ಬಂತು. ಊಟದ ಮೇಜು ಇದ್ದ ಜಾಗಕ್ಕೆ ಮಂಚ ಬಂತು. ಬಳಗದವರು ಸರದಿ ಹಾಕಿಕೊಂಡು ಬಿಸಿಬೇಳೆಬಾತ್, ಪುಳಿಯೋಗರೆ ತಂದುಕೊಟ್ಟರು. ಯಾರೂ ಅವನನ್ನು ಎರಡಡಿ ಎಂದು ಕರೆಯಲಿಲ್ಲ. ಅದು ಇನ್ನೂ ಕಷ್ಟ ಎಂದು ಅವನೇ ಒಂದು ದಿನ ಹೇಳಿದ. ಮನೆಯಿಂದಲೇ ಕೆಲಸ ಮಾಡಲು ಕಂಪನಿಯವರು ಬಿಟ್ಟರು. ಹೊರಗಿನಿಂದ ನೋಡಿದವರಿಗೆ ಸಂಸಾರ ಸುಧಾರಿಸಿಕೊಂಡಿತು ಅನಿಸಬೇಕು. ಪಕ್ಕದ ಮನೆಯಲ್ಲಿರುವ ನನಗೆ ಹಾಗೆ ಅನಿಸಲಿಲ್ಲ. ಬೆಳಿಗ್ಗೆ ಅವನು ಬಟ್ಟೆ ಹಾಕಿಕೊಳ್ಳಲು ಪಡುವ ಪಾಡು, ಆಗಾಗ ಶೈಲಜಾಳ ಮೇಲೆ ರೇಗಿ ಆಮೇಲೆ ಅವಳ ಕೈ ಹಿಡಿದು ಅಳುವುದು ಎಲ್ಲ ನೋಡಿದ್ದೇನೆ.

ಕೇಶವಮೂರ್ತಿ ಅಂಕಲ್ ಪ್ರತಿ ಗುರುವಾರ ರಾಯರ ಮಠದ ಪೂಜೆ ಮುಗಿಸಿಕೊಂಡು ಪ್ರಸಾದ ಹಿಡಿದು ಬರುತ್ತಿದ್ದರು. ಅವನ ಕೈಗೆ ಮಂತ್ರಾಕ್ಷತೆ ಕೊಟ್ಟು ಪಕ್ಕದಲ್ಲಿ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ಏಳುವ ಮೊದಲು, 'ಏನು ಗ್ರಹಚಾರ ಕಣಪ್ಪ ನಿಂದು' ಎಂದು ಕಣ್ಣಲ್ಲಿ ನೀರು ಹಾಕುತ್ತಿದ್ದರು. ಪ್ರತಿ ವಾರವೂ ಅದೇ ಮಾತು. ಯಶವಂತ್ ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದ, ಇನ್ನೇನೋ ಬರುತ್ತದೆ ಎನ್ನುವವನ ಹಾಗೆ.

ಅದೇನು ಎಂದು ಒಂದು ದಿನ ನಾನೇ ಕೇಳಿದೆ.

'ಒಂದೇ ಒಂದ್ ಸಲ ವಿಜಿ' ಎಂದ. 'ನಾನು ಅಷ್ಟ್ ಹತ್ರ ಬರ್ಬಾರ್ದಿತ್ತು ಅಂತ ಒಂದ್ ಸಲ ಅಂದ್ಬಿಟ್ರೆ ಸಾಕು. ಸಾರಿ ಏನೂ ಬೇಡ ನಂಗೆ. ಅವರಿಗೆ ಅದು ಗೊತ್ತಾಗಿದೆ ಅಂತ ನಂಗೆ ಗೊತ್ತಾಗ್ಬೇಕು ಅಷ್ಟೆ. ಇಲ್ದಿದ್ರೆ ನಂಗೇನಾಯ್ತು ಅಂತಾನೇ ನಂಗೆ ಅರ್ಥ ಆಗಲ್ಲ.'

'ನಾನು ಹೇಳ್ತೀನಿ ಅವರಿಗೆ.'

'ನೀನು ಬಾಯಿ ಹಾಕ್ಬೇಡ. ನೀನು ಹೇಳ್ಸಿ ಅವ್ರು ಅಂದ್ರೆ ಏನ್ ಬಂತು?'

ನನ್ನ ಬಾಯಿ ಯಾವತ್ತು ಸುಮ್ಮನಿತ್ತು? ಮುಂದಿನ ಗುರುವಾರ ಅಂಕಲ್ ವ್ಯಾನ್ ಹತ್ತುವಾಗ ಹಿಂದೆಯೇ ಹೋದೆ. 'ಅಂಕಲ್, ಆವತ್ತು ಅಷ್ಟು ಹತ್ರ ಯಾಕೆ ಹೋದ್ರಿ?' ಎಂದು ಕೇಳಿಯೇಬಿಟ್ಟೆ. ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. 'ಇದೇನಮ್ಮಾ ಹೀಗೆ ಕೇಳ್ತೀಯ? ದೂರದಿಂದ ಮಾತಾಡ್ಸಿದ್ರೆ ಅವನಿಗೆ ಕೇಳತ್ತಾ?' ಎಂದರು. ಕಪಟವಿಲ್ಲ, ತಪ್ಪಿಸಿಕೊಳ್ಳುವ ದನಿಯಲ್ಲ. ವ್ಯಾನಿನ ಬಾಗಿಲನ್ನು ನಾನೇ ಮುಚ್ಚಿ ಕಳಿಸಿದೆ.

ಹೀಗೆ ವರ್ಷ ಕಳೆಯಿತು. 2024ರ ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಸೈಕಲ್ ಸಂಘದ ಹೆಂಗಸೊಬ್ಬಳು ಯಶವಂತನಿಗೆ ಫೋನ್ ಮಾಡಿದಳು. ಎರಡಡಿಯನ್ನು ಹೆಚ್ಚಿಸಬೇಕು ಎಂಬ ವಿಷಯವಾಗಿ ಶಾಸಕರೊಬ್ಬರು ಲೈಬ್ರರಿಯಲ್ಲಿ ಸಭೆ ಕರೆದಿದ್ದಾರೆ, ನೀವು ಬಂದು ನಿಮಗೆ ಆದದ್ದನ್ನು ಹೇಳಬೇಕು ಎಂದಳು. ಯಶವಂತ್ ಆ ವಾರ ಬೇರೆ ಮನುಷ್ಯನಾಗಿದ್ದ. ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು ಕೂರುತ್ತಿದ್ದ. ಏನು ಹೇಳಬೇಕೆಂದು ನನ್ನೆದುರು, ಶೈಲಜಾಳೆದುರು, ನಿಧಿಯೆದುರು ಹೇಳಿ ನೋಡುತ್ತಿದ್ದ. 'ಯು ಟಾಕ್ ಟೂ ಫಾಸ್ಟ್, ಅಪ್ಪಾ' ಎಂದು ನಿಧಿ ತಿದ್ದುತ್ತಿದ್ದಳು. ಅವನು ಯಾರ ಹೆಸರನ್ನೂ ಹೇಳುವವನಿರಲಿಲ್ಲ. ಗುರುತಿನವರೊಬ್ಬರು ಪ್ರೀತಿಯಿಂದ ಹತ್ತಿರ ಬಂದರು, ಪ್ರೀತಿಗೂ ಇಷ್ಟು ದೂರ ಬೇಕು ಎಂದು ಕಾನೂನು ಕಲಿಸಬೇಕು. ಇಷ್ಟೇ ಅವನ ಮಾತು.

ಆದರೆ ಬಳಗ ಅಂದರೆ ಬಳಗ. ಈ ಕಿವಿಯಿಂದ ಆ ಕಿವಿಗೆ ಹೋಗುವಷ್ಟರಲ್ಲಿ ಸುದ್ದಿಗೆ ಕೈಕಾಲು ಬಂತು. ಯಶವಂತ್ ಕೇಶವಮೂರ್ತಿ ಅಂಕಲ್ ಮೇಲೆ ಸರ್ಕಾರಕ್ಕೆ ದೂರು ಕೊಡುತ್ತಿದ್ದಾನಂತೆ ಎಂದಾಯಿತು. ಅಂಕಲ್ ವ್ಯಾನಿನ ಬೀಗದ ಕೈ ತೆಗೆದು ಮಗಳ ಕೈಗೆ ಕೊಟ್ಟುಬಿಟ್ಟರು. ದೇವಸ್ಥಾನಕ್ಕೂ ಹೋಗಲಿಲ್ಲ. ಇಂದುವೇ ನನಗೆ ಫೋನ್ ಮಾಡಿ, 'ಅಪ್ಪ ಸರಿಯಾಗಿ ಊಟಾನೇ ಮಾಡ್ತಿಲ್ಲ ವಿಜಿ. ಬಟ್ಟಲು ಮುಂದಿಟ್ಕೊಂಡು ಸುಮ್ನೆ ಕೂತಿರ್ತಾರೆ' ಎಂದು ಅತ್ತಳು. ಹಾಗಲ್ಲ ಕಣೇ ಎಂದು ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ.

ಸಭೆಯ ಹಿಂದಿನ ದಿನ ಸಂಜೆ ಅವಳೇ ಅಪ್ಪನನ್ನು ಕರೆದುಕೊಂಡು ಬಂದಳು. ನಾನು ಅಲ್ಲೇ ಶೈಲಜಾಳ ಜೊತೆ ತರಕಾರಿ ಹೆಚ್ಚುತ್ತಿದ್ದೆ, ನಿಧಿ ಮಹಡಿ ಮೆಟ್ಟಿಲ ಮೇಲೆ ಕೂತಿದ್ದಳು. ಅಂಕಲ್ ಸೊರಗಿಹೋಗಿದ್ದರು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಗಾಲಿಕುರ್ಚಿಯ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಯಶವಂತನ ಎರಡೂ ಕೈ ಹಿಡಿದುಕೊಂಡರು.

'ಯಶವಂತ, ನೀನು ನನ್ನ ಮಗನ ಥರ ಕಣೋ. ನಿನ್ನ ಸಾಯ್ಸಕ್ಕೆ ಬಂದಿದ್ನೇನೋ ನಾನು? ಎಷ್ಟ್ ಯೋಚನೆ ಮಾಡಿದ್ರೂ ನಂಗೆ ಗೊತ್ತಾಗ್ತಿಲ್ಲ. ನೀನೇ ಹೇಳಪ್ಪ. ನಾನೇನ್ ತಪ್ಪು ಮಾಡ್ದೆ, ಬಾಯಿ ಬಿಟ್ಟು ಹೇಳ್ಬಿಡು. ನಾನು ಕೇಳ್ತೀನಿ.'

ಅವರು ನಿಜವಾಗಿ ಕೇಳುತ್ತಿದ್ದರು. ಅದನ್ನು ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಅಷ್ಟು ಕಾಲ ಅವನು ಕಾದಿದ್ದು ಈ ಗಳಿಗೆಗೇ. ಹೇಳು, ಹೇಳಿಬಿಡು ಎಂದು ನಾನು ಈಳಿಗೆಯ ಮುಂದೆ ಕೂತು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ. ಅವನ ಬಾಯಿ ತೆರೆಯಿತು. ಅಂಕಲ್ ಮೈಮೇಲೆ ಸಡಿಲವಾಗಿದ್ದ ಆ ಅಂಗಿಯನ್ನೇ ಅವನು ನೋಡುತ್ತಿದ್ದ.

'ನೀವೇನೂ ತಪ್ಪು ಮಾಡಿಲ್ಲ ಅಂಕಲ್' ಎಂದ. 'ನಂದೇ ತಪ್ಪು. ನಾನು ತಿರುಗ್ಬಾರ್ದಿತ್ತು.'

ಅಂಕಲ್ ಅವನ ಕೈ ಮೇಲೆ ಹಣೆ ಇಟ್ಟು ಜೋರಾಗಿ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, 'ನಾನೂ ಮನೇಲಿ ಇದನ್ನೇ ಹೇಳ್ತಿದ್ದೆ ಕಣೋ. ಅವನು ತಿರುಗದೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ ಅಂತ' ಎಂದರು. ಶೈಲಜಾ ಉಪ್ಪಿಟ್ಟು ಕೊಟ್ಟಳು. ಅವರು ಎರಡನೇ ಸಲ ಹಾಕಿಸಿಕೊಂಡು ತಿಂದರು. ಮಗಳು ಇಂದು ನನ್ನ ಕಡೆ ನೋಡಿ ಕಣ್ಣಲ್ಲೇ ಥ್ಯಾಂಕ್ಸ್ ಹೇಳಿದಳು. ನನಗೆ ಎದ್ದು ಹೋಗಿ ಎಲ್ಲರನ್ನೂ ಬೈಯಬೇಕು ಅನಿಸಿತು, ಯಾರಿಂದ ಶುರುಮಾಡಬೇಕೆಂದು ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ನಿಧಿ ಮೆಟ್ಟಿಲಿಂದ ಇಳಿದು ಬಂದಳು. 'ವೈ ವುಡ್ ಯು ಸೇ ದಟ್? ನೀನು ಏನೂ ಮಾಡಿಲ್ಲ. ಅಪ್ಪಾ, ಯು ಡಿಡ್ ನಥಿಂಗ್ ರಾಂಗ್!' ಎಂದು ಕಿರುಚಿದಳು. ಅವಳು ದಡದಡ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

'ಅವಳು ಕೇಳಿದ್ದನ್ನೇ ನಾನೂ ಕೇಳ್ತೀನಿ ಕಣೋ' ಎಂದೆ.

'ಹೇಗ್ ಹೇಳೋದು ವಿಜಿ? ನಾನು ಹೇಳಿದ್ರೆ ಅವ್ರು ಇನ್ನು ಬದುಕೋದಿಲ್ಲ.'

'ನಾಳೆ ಸಭೆಗಾದ್ರೂ ಹೋಗು. ಅಲ್ಲಿ ಹೇಳು.'

ಅವನು ತಲೆಯಾಡಿಸಿದ. 'ಎದುರಿಗೆ ಕೂತು ಕೇಳಿದವರಿಗೇ ಹೇಳಕ್ಕಾಗ್ಲಿಲ್ಲ. ಕೇಳದೆ ಇರೋರಿಗೆ ಹೋಗಿ ಏನು ಹೇಳ್ಲಿ?'

ಮಾರನೆಯ ದಿನ ನಾನೊಬ್ಬಳೇ ಲೈಬ್ರರಿಗೆ ಹೋದೆ. ಯಾಕೆ ಹೋದೆ ಎಂದು ನನಗೇ ಗೊತ್ತಿಲ್ಲ. ಅವನ ಹೆಸರನ್ನು ಹೇಗೆ ಹೇಗೋ ಎಳೆದು ಕೂಗಿದರು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿ, ಮುಂದಿನ ಹೆಸರಿಗೆ ಹೋದರು. ಒಬ್ಬಾತ ಎದ್ದು ಸೈಕಲ್ಲಿನವರು ಸ್ಟಾಪ್ ಸೈನಿನಲ್ಲಿ ನಿಲ್ಲುವುದಿಲ್ಲ ಎಂದು ಬಹಳ ಹೊತ್ತು ದೂರಿದ, ಜನ ಅವನಿಗೆ ತಲೆದೂಗಿದರು. ಎರಡಡಿ ಎರಡಡಿಯಾಗಿಯೇ ಉಳಿಯಿತು.

ಅಂಕಲ್ ಮತ್ತೆ ವ್ಯಾನ್ ಓಡಿಸಲು ಶುರುಮಾಡಿದರು. ಗುರುವಾರದ ಪ್ರಸಾದ ಮತ್ತೆ ಬರಲು ಶುರುವಾಯಿತು. ಯಶವಂತ್ ಅವರ ಮುಖ ನೋಡುತ್ತ ಕಾಯುವುದನ್ನು ಬಿಟ್ಟ. ಟಿವಿ ನೋಡುತ್ತಲೇ ಹ್ಞಾಂ ಹ್ಞೂಂ ಎನ್ನುತ್ತಿದ್ದ. ಮನೆಯಲ್ಲಿ ಸೈಕಲ್ ಎಂಬುದು ಉಳಿದಿದ್ದು ನಿಧಿಯದೊಂದೇ. ಅಪ್ಪ ಬಿದ್ದ ಮೇಲೂ ಅವಳು ಬಿಟ್ಟಿರಲಿಲ್ಲ. ಶೈಲಜಾ ಎಷ್ಟು ಬೇಡಿಕೊಂಡರೂ ಯಶವಂತನೇ, 'ತುಳೀಲಿ ಬಿಡೆ, ಅವಳ ಕಾಲು ಅವಳಿಗಿದೆ' ಎನ್ನುತ್ತಿದ್ದ. ಶಾಲೆಗೆ, ಈಜಿಗೆ ಅದರಲ್ಲೇ ಹೋಗಿ ಬರುತ್ತಿದ್ದಳು.

ಆ ಬೇಸಿಗೆಯ ಒಂದು ಗುರುವಾರ ಅಂಕಲ್ ಬಂದು ಕೂತವರು ಪ್ರಸಾದ ಕೊಡುವ ಮೊದಲೇ ಮುಖ ಸಣ್ಣದು ಮಾಡಿಕೊಂಡರು. ನಾನು ಪಕ್ಕದಲ್ಲೇ ಇದ್ದೆ.

'ಬೇಜಾರ್ ಮಾಡ್ಕೋಬೇಡ ಯಶವಂತ, ಮನೆ ಮಗು ಅಂತ ಹೇಳ್ತಿದೀನಿ. ಬೆಳಿಗ್ಗೆ ನಿಧಿ ಸೈಕಲ್‌ನಲ್ಲಿ ಹೋಗ್ತಿದ್ಲು. ಪಕ್ಕಕ್ಕೆ ಹೋಗಿ, ಗಾಜು ಇಳ್ಸಿ, ಅಪ್ಪ ಹೇಗಿದಾನಮ್ಮಾ ಅಂದೆ. ತಿರುಗ್ಲಿಲ್ಲ. ಮತ್ತೆ ಕರ್ದೆ, ಆಗ್ಲೂ ತಿರುಗ್ಲಿಲ್ಲ. ಮುಂದೆ ನೋಡ್ಕೊಂಡು ಹೋಗ್ತಾನೇ ಇದ್ಲು. ದೊಡ್ಡೋರು ಮಾತಾಡ್ಸಿದ್ರೆ ಮುಖ ನೋಡಿ ಮಾತಾಡ್ಬೇಕು ಅಂತ ಸ್ವಲ್ಪ ಹೇಳ್ಕೊಡಪ್ಪ.'

ಶೈಲಜಾ ತಂದಿದ್ದ ಕಾಫಿ ಲೋಟವನ್ನು ಅಲ್ಲೇ ಮೇಜಿನ ಮೇಲಿಟ್ಟಳು. ಯಶವಂತ್ ಟಿವಿಯಿಂದ ಕಣ್ಣು ತೆಗೆದು ಅಂಕಲ್ ಕಡೆ ನೋಡಿದ. ಅಂಥ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

'ಹೇಳ್ತೀನಿ ಅಂಕಲ್' ಎಂದ.

ಅಂಕಲ್ ಸಮಾಧಾನವಾಗಿ ಕಾಫಿ ಕುಡಿದು, ಮಂತ್ರಾಕ್ಷತೆ ಕೊಟ್ಟು ಹೊರಟರು. ಸ್ವಲ್ಪ ಹೊತ್ತಿಗೆ ನಿಧಿ ಬಂದಳು. ಸೈಕಲ್ಲನ್ನು ಇಳಿಜಾರಿನ ಪಕ್ಕ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಳು. ಯಶವಂತ್ ಅವಳನ್ನು ಹತ್ತಿರ ಕರೆದ.

'ಬೆಳಿಗ್ಗೆ ಕೇಶವಮೂರ್ತಿ ತಾತ ಮಾತಾಡ್ಸಿದ್ರಾ?'

'ಯಾ. ಹೀ ವಾಸ್ ರೈಟ್ ದೇರ್, ಅಪ್ಪಾ. ಇಷ್ಟು ಹತ್ರ. ನಾನು ತಿರುಗ್ಲಿಲ್ಲ. ಐ ವಾಸ್ ಸೋ ಸ್ಕೇರ್ಡ್, ಬಟ್ ತಿರುಗ್ಲಿಲ್ಲ.'

'ಒಳ್ಳೇದ್ ಮಾಡ್ದೆ.' ಅವಳ ಹಣೆಗೆ ಅಂಟಿದ ಕೂದಲನ್ನು ಸರಿಮಾಡಿದ. 'ನಾಳೆಯಿಂದ ಸೈಕಲ್ ಬೇಡ ಮಗಳೇ. ಅಮ್ಮ ಕಾರಲ್ಲಿ ಬಿಡ್ತಾಳೆ.'

ನಿಧಿ ಅವನನ್ನೇ ನೋಡಿದಳು. 'ವೈ? ನಾನು ಕರೆಕ್ಟಾಗೇ ಮಾಡಿದೀನಲ್ಲ? ಅವರಿಗೆ ಹೇಳು, ಅಪ್ಪಾ. ಜಸ್ಟ್ ಟೆಲ್ ಹಿಮ್.'

'ಅವರಿಗೆ ಹೇಳೋಕೆ ನನ್ನ ಕೈಲಿ ಆಗಲ್ಲ' ಎಂದ ಯಶವಂತ್. 'ಅದಕ್ಕೆ ನಿಂಗೆ ಹೇಳ್ತಿದೀನಿ.'

ಅವಳು ಜಗಳವಾಡುತ್ತಾಳೆ ಎಂದುಕೊಂಡೆ. ಆಡಲಿಲ್ಲ. ಹೆಲ್ಮೆಟ್ ತೆಗೆದು ಅವನ ಮಡಿಲಲ್ಲಿಟ್ಟು ಮೇಲೆ ಹೋದಳು.